ಗಿರಣಿ ಗೇಟಿನ ಮೂಕಿ ಚಿತ್ರ

"ಮೇಸ್ತ್ರಿ ಏನಂತಿದಾನೆ, ಐವಿ ಅಜ್ಜಿ?" ಕತ್ತಲಾದ ಚರ್ಚ್ ಹಾಲಿನಲ್ಲಿ ಯಾರೋ ಕೂಗಿದರು. ಪರದೆಯ ಮೇಲೆ ಇಂಗ್ಲೆಂಡಿನ ಲ್ಯಾಂಕಶೈರ್ ಸೀಮೆಯ ಆ ಪುಟ್ಟ ಊರಿನ ಬಟ್ಟೆ ಗಿರಣಿ, ಅರವತ್ತು ವರ್ಷದ ಹಿಂದಿನ ಒಂದು ಸಂಜೆ, ಆಗತಾನೇ ಬಿಟ್ಟಿತ್ತು. ಚಿತ್ರಕ್ಕೆ ಧ್ವನಿಯಿರಲಿಲ್ಲ. ಮಗ್ಗಗಳ ಅಬ್ಬರದಲ್ಲಿ ಬರೀ ತುಟಿಯಾಡಿಸಿ ಮಾತಾಡುತ್ತಿದ್ದ, ತುಟಿ ನೋಡಿಯೇ ಮಾತು ತಿಳಿಯುತ್ತಿದ್ದ ನೇಕಾರರಲ್ಲಿ ಈಗ ಉಳಿದವಳು ಐವಿ ಒಬ್ಬಳೇ.

"ಅವನ ಚಹಾ ಡಬ್ಬಿ ಯಾರೋ ಕದ್ದರಂತೆ, ಬಯ್ತಿದಾನೆ. ಕದ್ದವಳು ನಾನೇ!" ಎಂದಳು. ಸಭೆಯೆಲ್ಲ ನಕ್ಕಿತು.

ಅಷ್ಟರಲ್ಲಿ ತಲೆಗೆ ಚುಕ್ಕೆ ವಸ್ತ್ರ ಕಟ್ಟಿದ ಹುಡುಗಿಯೊಬ್ಬಳು ಗೇಟು ದಾಟಿ ಬಿರಬಿರನೆ ನಡೆದಳು. ಐವಿಯೇ. ತಾನು ಮೆಚ್ಚಿದ್ದ, ಅದೇ ಗಿರಣಿಯ ವಿಲ್ಫ್‌ನೊಡನೆ ಜಗಳವಾಡಿ ಹೊರಟ ಸಂಜೆ ಅದು. ಒಂದೇ ಒಂದು ಸಲ ಕರೆಯಲಿ, ನಿಲ್ಲುತ್ತೇನೆ ಅಂದುಕೊಂಡೇ ನಡೆದಿದ್ದಳು. ಬೆನ್ನ ಹಿಂದೆ ಸದ್ದೇ ಇರಲಿಲ್ಲ. ಮರುವರ್ಷ ಅವಳು ಮಾಂಸದಂಗಡಿಯ ಸಿಡ್ನಿಯನ್ನು ಮದುವೆಯಾದಳು. ಕೆನಡಾಕ್ಕೆ ಹೋದ ವಿಲ್ಫ್ ಅಲ್ಲೇ ಮಣ್ಣಾದ.

ಪರದೆಯ ಮೇಲೆ, ಆ ಹುಡುಗಿಯ ಬೆನ್ನ ಹಿಂದೆ, ವಿಲ್ಫ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಇನ್ನೂ ಮಗ್ಗದ ಮುಂದೆಯೇ ಇದ್ದಾನೆಂಬಂತೆ, ಗಿರಣಿಯವರ ರೂಢಿಯಲ್ಲಿ, ಗಂಟಲಿನಿಂದ ಸ್ವರ ಹೊರಡಿಸದೆ ತುಟಿಗಳನ್ನಷ್ಟೇ ಅಗಲಿಸಿ ಕರೆಯುತ್ತಿದ್ದ: ಐವಿ, ತಪ್ಪಾಯ್ತು, ನಿಲ್ಲೇ.

"ಈ ಹುಡುಗ ಏನಂತಿದಾನೆ, ಅಜ್ಜಿ?"

"ಮಳೆ ಬರೋ ಹಾಗಿದೆ ಅಂತಿದಾನೆ," ಎಂದ ಐವಿ, ಯಾರೋ ಕರೆದಂತೆ, ಕುರ್ಚಿಯಲ್ಲಿ ಮೆಲ್ಲನೆ ಹಿಂತಿರುಗಿ ನೋಡಿದಳು. ಪ್ರೊಜೆಕ್ಟರಿನ ಬೆಳಕು ಕಣ್ಣಿಗೆ ಚುಚ್ಚಿತು.