ದೇವರ ಸ್ಟಿಕ್ಕರ್ ತೆಗೆದಿಟ್ಟೆ... ಹಾರ್ಡ್ ಡಿಸ್ಕ್ ಬಿಟ್ಟೆ

ಓದಿ ನನಗೆ ಬೈದರೂ ಪರವಾಗಿಲ್ಲ... ಆದರೆ ಅರ್ಧಕ್ಕೆ ಬಿಡಬೇಡಿ.

ರಾಣೆಬೆನ್ನೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಧು-ವರರ ಕೇಂದ್ರ ನಡೆಸುತ್ತಿದ್ದೇನೆ. ಎಷ್ಟು ಮದುವೆ ಮಾಡಿಸಿದಿರಿ ಎಂದು ಕೇಳಿದರೆ ಎದೆ ಉಬ್ಬಿಸಿ ಹೇಳುವವನು ನಾನು. ಇವತ್ತು ಹೇಳುತ್ತಿರುವುದು ಅದನ್ನಲ್ಲ.

ಕಳೆದ ದಸರೆಗೆ ಮುಂಚೆ ಆಫೀಸು ಸ್ವಚ್ಛ ಮಾಡಿಸುತ್ತಿದ್ದೆ. ಮೂಲೆಯಲ್ಲಿ ಎರಡು ಹಳೆ ಕಂಪ್ಯೂಟರ್... ಬಟನ್ ಒತ್ತಿದರೆ ಆನ್ ಆಗುವುದಿಲ್ಲ, ಜಾಗ ಮಾತ್ರ ತಿನ್ನುತ್ತವೆ. ಸಿಟ್ಟು ಬಂದು ಗುಜರಿಯವನನ್ನು ಕರೆದೆ.

"ಸರ, ಒಳಗ ನಿಮ್ದ ಏನಾರ ಐತೇನ್ರಿ?" ಎಂದ ಅವನು.

"ಸತ್ತ ಎಮ್ಮಿ ಹಾಲ ಕೊಡ್ತೈತೇನೋ? ತಗೊಂಡ ನಡಿ!"

ಆದರೆ ಒಂದು ಕೆಲಸ ಮಾಡಿದೆ ನೋಡಿ... ಪ್ರತಿ ವರ್ಷ ಆಯುಧ ಪೂಜೆಯಲ್ಲಿ ಕುಂಕುಮ ಹಚ್ಚಿಸಿಕೊಂಡ ಕಂಪ್ಯೂಟರ್‌ಗಳವು. ಒಂದರ ಮೇಲೆ ಲಕ್ಷ್ಮಿಯ ಸ್ಟಿಕ್ಕರ್ ಇತ್ತು. ದೇವರನ್ನು ಗುಜರಿಗೆ ಹಾಕಬಾರದಲ್ಲ?

ಒದ್ದೆ ಬಟ್ಟೆ ಒತ್ತಿ, ಹರಿಯದಂತೆ ಉಗುರಿನಿಂದ ಬಿಡಿಸಿ, ಕಣ್ಣಿಗೊತ್ತಿಕೊಂಡು ಎತ್ತಿಟ್ಟೆ. ಅಷ್ಟು ನೇಮದ ಮನುಷ್ಯ ನಾನು!

ಹದಿನೈದು ದಿನ ಕಳೆದ ಮೇಲೆ ಒಬ್ಬ ಹೆಣ್ಣುಮಗಳು ಬಂದಳು. ಮೂವತ್ತೈದರ ಆಸುಪಾಸು. ನನ್ನೆದುರು ವರನ ಕಡೆಯವರು ಕೂತಿದ್ದರು.

"ಸರ, ನಿಮ್ಮೊಬ್ಬರ ಕೂಡ ಎರಡ ನಿಮಿಷ ಮಾತಾಡೂದಿತ್ರಿ..."

"ಬಯೋಡಾಟಾ ಇಟ್ಟ ಹೋಗವ್ವಾ, ನೋಡಿ ಫೋನ್ ಮಾಡ್ತೇನಿ" ಎಂದು ಸಿಡುಕಿದೆ.

"ನನ್ನ ಬಯೋಡಾಟಾ ನಿಮ್ಮ ಕಡೆ ಹನ್ನೆರಡ ವರ್ಷದಿಂದ ಐತ್ರಿ. ಅದಕ್ಕ ಬಂದೇನಿ."

ವರನ ಕಡೆಯವರು ಹೋಗುವ ತನಕ ಅವಳು ಬಾಗಿಲ ಬಳಿಯೇ ನಿಂತಿದ್ದಳು.

ಹೆಸರು ಸುನಂದಾ ಬಡಿಗೇರ. ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ರಿಪೇರಿ ಕಲಿಸುತ್ತಾಳೆ. ಕ್ಲಾಸಿನಲ್ಲಿ ಬಿಚ್ಚಿ ತೋರಿಸಲು ಗುಜರಿಯಿಂದ ನನ್ನದೊಂದು ಕಂಪ್ಯೂಟರ್ ತಂದಿದ್ದಳಂತೆ. ಪೇಪರಿನಲ್ಲಿ ಸುತ್ತಿದ್ದ ಅದರ ಹಾರ್ಡ್ ಡಿಸ್ಕ್ ತೆಗೆದು ಟೇಬಲ್ ಮೇಲಿಟ್ಟಳು.

"ಕಂಪ್ಯೂಟರ್ ಸತ್ತಿತ್ರಿ. ಇದು ಸತ್ತಿದ್ದಿಲ್ಲ. ಬ್ಯಾರೆ ಕಂಪ್ಯೂಟರಿಗೆ ಹಾಕಿದ ಕೂಡ್ಲೆ ಎಲ್ಲಾ ತೆರಕೊಂತು. ಪುಣ್ಯಾಕ್ಕ ಹುಡುಗ್ಯಾರು ಇನ್ನೂ ಬಂದಿದ್ದಿಲ್ಲ."

'ಎಲ್ಲಾ' ಅಂದರೆ ಏನೇನು ಎಂದು ನನಗೆ ಗೊತ್ತಿತ್ತು.

ಅದರಲ್ಲಿದ್ದದ್ದು ಬರೀ ಫೋಟೋ, ಜಾತಕ, ಫೋನ್ ನಂಬರ್ ಅಲ್ಲ... ಪ್ರತಿ ಹೆಸರಿನ ಮುಂದೆ 'ಷರಾ' ಅಂತ ಒಂದು ಕಾಲಂ ಇತ್ತು. ನನ್ನ ನೆನಪಿಗೆ ಅಂತ ಬರೆದುಕೊಂಡದ್ದು. ಯಾರಿಗೆ ಏನು ಕಾಯಿಲೆ, ಯಾರ ನಿಶ್ಚಿತಾರ್ಥ ಯಾಕೆ ಮುರಿಯಿತು... ಜನ ನನ್ನನ್ನು ನಂಬಿ ಹೇಳಿದ ಗುಟ್ಟುಗಳು. ಒಂಬೈನೂರು ಮನೆಗಳದ್ದು.

"ಎಲ್ಲಾ ಓದಿದೇನವ್ವಾ?" ಎಂದು ಕೇಳಿದೆ.

"ಇಲ್ರಿ. ಒಂದ ಸಾಲ ಓದೇನಿ. ನಂದು."

ಆ ಸಾಲನ್ನು ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದಳು... 'ಎಡಗೈ ಮೇಲೆ ಸುಟ್ಟ ಕಲೆ. ತಂದೆ ಕುಡುಕ. ಒಳ್ಳೆಯ ಮನೆತನದವರಿಗೆ ತೋರಿಸುವುದು ಬೇಡ.'

ಬರೆದವನು ನಾನೇ. ಅವಳ ಎಡಗೈ ಕಡೆ ನೋಡುವ ಧೈರ್ಯ ನನಗಾಗಲಿಲ್ಲ.

"ನಮ್ಮವ್ವ ತಿಂಗಳಾ ತಿಂಗಳಾ ನಿಮ್ಮ ಬಾಗಲಕ ಬರ್ತಿದ್ಲರಿ. 'ಯೋಗ ಕೂಡಿ ಬರಬೇಕ ಯವ್ವಾ' ಅಂತ ನೀವು ಕಳಸ್ತಿದ್ರಿ. ಆಕಿ ಮನೀಗೆ ಬಂದು ಸೋಮಾರ ಒಪ್ಪತ್ತು ಹಿಡೀತಿದ್ಲು. ಸಾಯೂತನಕಾ ಹಿಡದ್ಲು..."

ಸುನಂದಾಳ ಕಣ್ಣು ತುಂಬಿ ಬಂತು.

"ದೇವರ ಮ್ಯಾಲ ಸಿಟ್ಟ ಮಾಡಿಕೊಂಡ ಸತ್ಲು ಸರ. ದೇವರದೇನೂ ತಪ್ಪಿದ್ದಿಲ್ಲ."

ಐವತ್ತೆಂಟು ವರ್ಷದ ನಾನು ಆ ಕುರ್ಚಿಯಲ್ಲೇ ಅತ್ತುಬಿಟ್ಟೆ.

ಅವಳು ಬೈಯಲಿಲ್ಲ. ಡಿಸ್ಕಿನ ತಿರುಪು ಬಿಚ್ಚಿ, ಚೀಲದಿಂದ ಸುತ್ತಿಗೆ ತೆಗೆದು ನನ್ನ ಕಡೆ ಸರಿಸಿದಳು.

"ನೀವ ಒಡೀರಿ. ನಾ ಒಡದ್ರ ಸಿಟ್ಟಿಗೆ ಒಡದಂಗ ಆಗತೈತಿ."

ಒಡೆದೆ. ಒಳಗಿನ ಕನ್ನಡಿಯಂಥ ಬಿಲ್ಲೆಗಳು ನುಜ್ಜುಗುಜ್ಜಾಗುವ ತನಕ ಒಡೆದೆ.

ಆಮೇಲೆ ಗುಜರಿ ಅಂಗಡಿಗೆ ಓಡಿದೆ. ಇನ್ನೊಂದು ಕಂಪ್ಯೂಟರ್?

"ಅದನ್ನ ಮೊನ್ನೇನ ಲಾರಿಗೆ ಹಾಕೇವ್ರಿ ಸರ. ಎಲ್ಲಿ ಇಳದೈತೋ ಯಾರಿಗ್ಗೊತ್ತು!"

ಅದರಲ್ಲೂ ಅದೇ ಫೈಲ್ ಇದೆ. ಅದೇ ಒಂಬೈನೂರು ಮನೆಗಳು.

ಇವತ್ತಿಗೂ ಹುಡುಕುತ್ತಿದ್ದೇನೆ... ಸಿಕ್ಕಿಲ್ಲ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ, ಆ ಫೈಲ್ ಯಾರ ಕೈಗೋ ಸಿಕ್ಕಿತೇನೋ ಅಂದುಕೊಂಡೇ ಎತ್ತುತ್ತೇನೆ. ಗುಜರಿಯವನಿಗೆ ಬೈಯೋಣವೆಂದರೆ, ಅವನು ಕೇಳಿಯೇ ಒಯ್ದಿದ್ದಾನೆ! ಯಾರ ಮೇಲೆ ತೀರಿಸಿಕೊಳ್ಳಲಿ ಈ ಸಿಟ್ಟನ್ನು?

ಹೊಸ ಕಂಪ್ಯೂಟರಿನಲ್ಲಿ ಷರಾ ಕಾಲಂ ಇಲ್ಲ. ಬಹಳ ತಡವಾಗಿ ತೆಗೆದೆ.

ಗೆಳೆಯರೇ, ಅಂಗಡಿಯೋ, ಕ್ಲಿನಿಕ್ಕೋ, ಟ್ಯೂಷನ್ನೋ... ನೀವು ಏನೇ ನಡೆಸುತ್ತಿರಿ, ಹಳೆ ಕಂಪ್ಯೂಟರ್, ಹಳೆ ಮೊಬೈಲ್ ಸತ್ತಿದೆ ಅಂದುಕೊಳ್ಳಬೇಡಿ. ಬಲ್ಲವರಿಂದ ಒಳಗಿನದನ್ನು ಪೂರ್ತಿ ಅಳಿಸಿಹಾಕಿಸಿ. ಆಗದಿದ್ದರೆ ಹಾರ್ಡ್ ಡಿಸ್ಕ್ ಬಿಚ್ಚಿಸಿ ಕಣ್ಣೆದುರೇ ಒಡೆಸಿ. ಉಳಿದದ್ದನ್ನು ಇ-ತ್ಯಾಜ್ಯ ಪಡೆಯಲು ಪರವಾನಗಿ ಇರುವವರಿಗೇ ಕೊಡಿ.

ಆ ಲಕ್ಷ್ಮಿಯ ಸ್ಟಿಕ್ಕರ್ ಈಗಲೂ ನನ್ನ ಡ್ರಾಯರಿನಲ್ಲಿದೆ... ಒಂಚೂರೂ ಹರಿದಿಲ್ಲ.

*ಕಂಪ್ಯೂಟರ್ ನಮಗೆ ಹಳೆಯದಾಗಬಹುದು... ಅದರೊಳಗಿರುವ ಇನ್ನೊಬ್ಬರ ಮಾನ ಹಳೆಯದಾಗುವುದಿಲ್ಲ.*

ನೀವು ಕೊನೆಯ ಸಲ ಗುಜರಿಗೆ ಹಾಕಿದ ಕಂಪ್ಯೂಟರ್ ನೆನಪಿದೆಯೇ... ಅದರೊಳಗೆ ಯಾರ್‍ಯಾರಿದ್ದರು?