ನಗುವವರಿಗೆ ಒಪ್ಪುವ ಸೆಂಟು

“ಅವಳಿಗ್ಯಾಕೆ ಗಂಧ? ಏನ್ ಹಚ್ಚಿದ್ರೂ ಆಚೆಗೆ ಬರೋದು ನೂಲು ಬೇಯಿಸೋ ವಾಸನೇನೇ” ಎಂದುಬಿಟ್ಟ ಸೆಲ್ಲಪ್ಪನ್. ಸಿರುಮುಗೈಯ ನೆಂಟರ ಮನೆಯಲ್ಲಿ ಬಸುರಿಗೆ ಬಳೆ ತೊಡಿಸುವ ಶಾಸ್ತ್ರ ನಡೆದಿತ್ತು. ಗಂಧದ ಬಟ್ಟಲು ಹಿಡಿದವಳು ಅವನ ಹೆಂಡತಿ ಪೆರಿಯನಾಯಕಿಯ ಮುಂದೆ ಬಂದು ನಿಂತಿದ್ದಳು. ಕೂತವರೆಲ್ಲ ಗೊಳ್ಳೆಂದು ನಕ್ಕರು. ಪೆರಿಯನಾಯಕಿಯೂ ನಕ್ಕಳು. ಆದರೆ ಚಾಚಿದ್ದ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

ಮಾತೇನೋ ಸುಳ್ಳಲ್ಲ. ಸೆಲ್ಲಪ್ಪನ್ ನೇಯುವ ರೇಷ್ಮೆಯನ್ನು ಹಿತ್ತಲಲ್ಲಿ ಸೋಪಿನ ನೀರಿನಲ್ಲಿ ಕುದಿಸಿ, ಅಂಟು ಬಿಡಿಸಿ, ಬಣ್ಣ ಕಟ್ಟುವವಳು ಅವಳೇ. ಹಸಿ ರೇಷ್ಮೆ ಬೇಯುವ ವಾಸನೆ ಕೂದಲಿಗೂ ಹತ್ತುತ್ತದೆ, ಉಗುರಿನ ಸಂದಿಗೂ ಹತ್ತುತ್ತದೆ. ಇಪ್ಪತ್ತೆರಡು ವರ್ಷ ಆ ಮನೆಯ ಒಲೆ ಉರಿದದ್ದು ಆ ವಾಸನೆಯಿಂದಲೇ. ಅದು ಅವನಿಗೆ ಹೊಳೆಯುವ ಹೊತ್ತಿಗೆ ಮಾತು ಬಾಯಿಂದ ಬಿದ್ದು ಹೋಗಿತ್ತು.

ಅಂದಿನಿಂದ ಪೆರಿಯನಾಯಕಿ ದಿನಕ್ಕೆರಡು ಸಲ ಸೀಗೆಪುಡಿ ಹಾಕಿ ತಲೆ ತೊಳೆಯತೊಡಗಿದಳು. ಯಾರ ಮನೆಯ ಹೊಸಿಲನ್ನೂ ತುಳಿಯಲಿಲ್ಲ. ಹನ್ನೆರಡನೆಯ ದಿನ ಪೊಳ್ಳಾಚಿಯಿಂದ ಅವಳ ತಮ್ಮ ಗುರುಸಾಮಿಯ ಮದುವೆಯ ಕಾಗದ ಬಂತು. ತಾಯಿ ಸತ್ತಾಗ ಆ ತಮ್ಮನಿಗೆ ಐದು ವರ್ಷ. ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಇವಳು. ಕಾಗದವನ್ನು ದೇವರ ಮುಂದಿಟ್ಟು, “ನೀವು ಹೋಗಿ ಬನ್ನಿ. ನಂಗೆ ಇಲ್ಲಿ ಕೆಲಸ ಐತೆ” ಎಂದಳು. ಸೆಲ್ಲಪ್ಪನ್ ಬೈದು ನೋಡಿದ, ಬೇಡಿಕೊಂಡೂ ನೋಡಿದ. ಅವಳು ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ಅದಕ್ಕೇ ಅವನಿಗೆ ಭಯವಾಯಿತು.

ಮರುದಿನ ನೇಯ್ದ ಸೀರೆಗಳನ್ನು ಕೊಟ್ಟುಬರಲು ಕೊಯಮತ್ತೂರಿಗೆ ಹೋದವನು, ಕೆಲಸ ಮುಗಿದ ಮೇಲೆ ಒಂದು ಫ್ಯಾನ್ಸಿ ಅಂಗಡಿಯ ಮುಂದೆ ಎರಡು ಸಲ ಹಾದುಹೋಗಿ ಮೂರನೆಯ ಸಲ ಒಳಗೆ ಕಾಲಿಟ್ಟ. ಕನ್ನಡಕ ಹಾಕಿದ ನಡುವಯಸ್ಸಿನ ಹೆಂಗಸು ಏನು ಬೇಕೆಂದು ತಮಿಳಿನಲ್ಲಿ ಕೇಳಿದಳು. ಹೆಂಡತಿಗೆ ಸೆಂಟು ಎಂದ. ಅವಳು ಗಾಜಿನ ಕಪಾಟಿನಿಂದ ಮೂರು ಸೀಸೆ ತೆಗೆದಿಟ್ಟಳು. ಇದು ಗಂಭೀರ ಸ್ವಭಾವದವರಿಗೆ, ಇದು ಹೊಸ ಮದುವಣಗಿತ್ತಿಯರಿಗೆ, ಇಗೋ ಈ ಫಾರಿನ್ ಸೆಂಟಿನಲ್ಲಿ ಹಣ್ಣೂ ಹೂವೂ ಸೇರಿವೆ, ಇದು ನಗುನಗುತ್ತ ಇರುವವರಿಗೇ ಒಪ್ಪುತ್ತದೆ ಎಂದಳು. ನಿಮ್ಮ ಮನೆಯವರು ಯಾವ ತರಹ ಎಂದೂ ಕೇಳಿದಳು.

ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಮೊದಲು ತಡವರಿಸಿದ. ಅವಳಿಗೆ ಬಣ್ಣ ಕಟ್ಟುವ ಕೆಲಸ ಎಂದ. ಬರೀ ಹಳದಿ ಎಂದರೆ ಒಪ್ಪುವುದಿಲ್ಲ, ಕಡಲೆಹಿಟ್ಟಿನ ಹಳದಿಯಾ, ಆವರಿಕೆ ಹೂವಿನ ಹಳದಿಯಾ ಎಂದು ಕೇಳುತ್ತಾಳೆ ಎಂದ. ಬಣ್ಣ ಹಿಡಿಯದ ನೂಲನ್ನು ಮುನಿದ ಮಗುವನ್ನು ರಮಿಸುವ ಹಾಗೆ ರಮಿಸುತ್ತಾಳೆ. ತಮಾಷೆ ಹೇಳಲು ಹೊರಟರೆ ಕೊನೆ ಮುಟ್ಟುವ ಮೊದಲೇ ತಾನೇ ನಕ್ಕುಬಿಡುತ್ತಾಳೆ. ಈ ಇಪ್ಪತ್ತೆರಡು ವರ್ಷದಲ್ಲಿ ಅವಳ ಒಂದು ಕತೆಯ ಕೊನೆಯನ್ನೂ ನಾನು ಕೇಳಿಲ್ಲ ಎಂದ. ಹದಿಮೂರು ದಿನದಿಂದ ಮನೆಯಲ್ಲಿ ಆ ನಗು ಕೇಳಿಸಿಲ್ಲ ಎಂಬುದು ಅವನಿಗೆ ಅರಿವಾದದ್ದೇ ಅಲ್ಲಿ, ಆ ಅಪರಿಚಿತ ಅಂಗಡಿಯಲ್ಲಿ. ಹೆಂಗಸು ಹಣ್ಣುಹೂವಿನ ಸೀಸೆಯನ್ನು ಕಾಗದದಲ್ಲಿ ಸುತ್ತಿದಳು.

ಮನೆಯಲ್ಲಿ ಪೆರಿಯನಾಯಕಿ ಸೀಸೆಯ ಮುಚ್ಚಳ ತೆಗೆದು ಮೂಸಿದಳು. ಮಾಗಿದ ಸೀಬೆಯ ಘಮ, ಅದರ ಹಿಂದೆಯೇ ಮಲ್ಲಿಗೆ. ಅವಳ ಮುಖ ಸಣ್ಣಗಾಯಿತು. “ನನ್ನ ವಾಸನೆ ಮುಚ್ಚೋಕಾ?” ಎಂದಳು. ಸೆಲ್ಲಪ್ಪನ್ ಅಲ್ಲವೆಂದ. ಅಂಗಡಿಯಲ್ಲಿ ನಡೆದದ್ದನ್ನು ತಪ್ಪು ಒಪ್ಪಿಕೊಳ್ಳುವವನ ಹಾಗೆ ತಲೆ ತಗ್ಗಿಸಿ ಹೇಳಿದ. ಅವಳು ಹಳದಿಯ ಮಾತನ್ನು ಮಾತ್ರ ಇನ್ನೊಂದು ಸಲ ಹೇಳಿಸಿಕೊಂಡಳು. ಎಲ್ಲ ಮುಗಿದ ಮೇಲೆ ಮೆಲ್ಲಗೆ ಅಂದಳು: “ಆ ಮಾತು ನಮ್ಮೋರೆಲ್ಲಾರ ಮುಂದೆ ಅಂದ್ರಿ. ಈ ಮಾತು ಯಾರೋ ಗೊತ್ತಿಲ್ಲದ ಅಂಗಡಿಯಮ್ಮನ ಹತ್ರ ಹೇಳಿ ಬಂದ್ರಿ.”

ಸೆಲ್ಲಪ್ಪನ್ “ಪೊಳ್ಳಾಚಿಗೆ ಬಾ” ಎಂದ.

ಅವಳು ಬಂದಳು. ಮದುವೆಯ ಊಟ ಮುಗಿದು ನೆಂಟರು ಎಲೆಅಡಿಕೆಗೆ ಕೂತಿದ್ದಾಗ ಗಾಳಿಯಲ್ಲಿ ಸೀಬೆ, ಮಲ್ಲಿಗೆ ತೇಲಿತು. ಅಂದು ಬಳೆ ಶಾಸ್ತ್ರದಲ್ಲಿ ನಕ್ಕಿದ್ದ ರಾಮಾತಾಳ್ ಎಂಬ ನಾದಿನಿ, ಏನಮ್ಮಾ ಇವತ್ತು ಹಳೇ ವಾಸನೆ ಎಲ್ಲಿ ಹೋಯ್ತು ಎಂದು ಕಿಚಾಯಿಸಿದಳು. ನಾಲ್ಕು ಜನರ ಮುಂದೆ ನಿಂತು ಮಾತಾಡಿ ಗೊತ್ತಿಲ್ಲದ ಸೆಲ್ಲಪ್ಪನ್ ಎದ್ದು ನಿಂತ. ಆ ವಾಸನೆಯೇ ತನಗೆ ಅನ್ನ ಹಾಕಿದ್ದು, ಅಂದು ಆಡಿದ್ದು ತಪ್ಪು ಎಂದ. ಹಳದಿಯ ಮಾತು ಹೇಳಿದ, ಮುನಿದ ನೂಲಿನ ಮಾತು ಹೇಳಿದ, ಕೊನೆ ಕಾಣದ ಕತೆಗಳ ಮಾತೂ ಹೇಳಿದ. ಅಲ್ಲಲ್ಲಿ ತಪ್ಪಿದ, ಮತ್ತೆ ಮೊದಲಿಂದ ಹೇಳಿದ. ಯಾರೂ ನಗಲಿಲ್ಲ. ಮದುಮಗ ಗುರುಸಾಮಿ ಹಾರ ಹಾಕಿದ್ದ ಹಾಗೇ ಬಂದು ಅಕ್ಕನ ಪಕ್ಕ ನಿಂತುಕೊಂಡ.

ಸೆಲ್ಲಪ್ಪನ್ ಬೆವರು ಒರೆಸಿಕೊಂಡು ಕೂತಾಗ ಪೆರಿಯನಾಯಕಿ ಅವನ ಕಿವಿಯ ಹತ್ತಿರ ಬಾಗಿದಳು.

“ನಿಮಗೆ ನನ್ನ ಕತೆ ಅರ್ಧಾನೂ ಗೊತ್ತಿಲ್ಲ. ಊರಿಗೆ ಬಸ್ಸಲ್ಲಿ ಮೂರು ಗಂಟೆ ದಾರಿ ಐತೆ. ನಿದ್ದೆ ಮಾಡ್ಬೇಡಿ.”