ಫೋನಿನೊಳಗಿನ ಡಾಕ್ಟರು

ಫೋನು ಮತ್ತೆ ಟಿಣ್ ಎಂದಿತು. ದಾಕ್ಷಾಯಿಣಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮಡಿವಾಳಪ್ಪ ಬಾಗಿಲ ಕಡೆ ಒಮ್ಮೆ ನೋಡಿ ಹೆಂಡತಿಯ ಫೋನನ್ನು ಎತ್ತಿಕೊಂಡ.

ಅವನ ತಲೆಗೆ ಹುಳ ಹೊಕ್ಕು ಬಹಳ ದಿನವಾಗಿತ್ತು. ಅವಳು ಫೋನನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಿದ್ದಳು. ಯಾರೊಂದಿಗೋ ಮಾತಾಡುತ್ತಿದ್ದವಳು ಅವನು ಒಳಗೆ ಬಂದರೆ ಸುಮ್ಮನಾಗುತ್ತಿದ್ದಳು. ಇವತ್ತು ಗುಟ್ಟು ರಟ್ಟಾಗಲಿ ಎಂದುಕೊಂಡು ಅವನು ಓದಿದ.

'ದಾಕ್ಷಾಯಿಣಿಯವರೇ, ನೀವು ಕಳಿಸಿದ ರೆಕಾರ್ಡಿಂಗ್ ಕೇಳಿದೆ. ನಿದ್ದೆಯಲ್ಲಿ ಉಸಿರು ಪದೇ ಪದೇ ನಿಲ್ಲುತ್ತಿದೆ. ಹೀಗೇ ಬಿಟ್ಟರೆ ಹೃದಯಕ್ಕೆ ಅಪಾಯ, ಜೀವಕ್ಕೂ ಅಪಾಯ. ಶಿರಸಿಯ ಆಸ್ಪತ್ರೆಯಲ್ಲಿ ಪರೀಕ್ಷೆಗೆ ಹೇಳಿಟ್ಟಿದ್ದೇನೆ. ಇನ್ನು ತಡ ಮಾಡಬೇಡಿ.'

ಕೆಳಗೆ ಹುಬ್ಬಳ್ಳಿಯ ಡಾಕ್ಟರಮ್ಮನೊಬ್ಬರ ಹೆಸರಿತ್ತು. ಮಡಿವಾಳಪ್ಪನ ಅನುಮಾನ ಹೋಗಿ ಆ ಜಾಗದಲ್ಲಿ ಹೆದರಿಕೆ ಬಂದು ಕೂತಿತು.

"ಏ ದಾಕ್ಷಾಯಿಣಿ! ಬಾ ಇಲ್ಲಿ!"

ಅವಳು ಒದ್ದೆ ಕೈಯಲ್ಲೇ ಬಂದು ಫೋನನ್ನು ಕಸಿದುಕೊಂಡಳು.

"ಉಸಿರು ನಿಲ್ಲತದಂತ ಬರದಾರ. ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಕೇಳ್ತಿದ್ರೇನು?"

ಕೇಳುತ್ತಿರಲಿಲ್ಲ, ಅದು ನಿಜ. ಬನವಾಸಿಯ ಸುತ್ತ ಅನಾನಸು ಕೊಂಡು, ತಾನೇ ಪಿಕಪ್ ಓಡಿಸಿಕೊಂಡು ಶಿರಸಿಗೆ ಹಾಕಿಬರುವ ಮಡಿವಾಳಪ್ಪ, ಹುಟ್ಟಿದಾಗಿನಿಂದ ಒಂದು ಗುಳಿಗೆ ನುಂಗಿಲ್ಲವೆಂದು ಊರೆಲ್ಲ ಹೇಳಿಕೊಂಡು ತಿರುಗುವ ಗಂಡಸು. ಮೊನ್ನೆ ಗಾಡಿ ಗದ್ದೆಗಿಳಿದಾಗ ಎಮ್ಮೆ ಅಡ್ಡ ಬಂತೆಂದು ಹೇಳಿ, ಹಣೆಯ ಗಾಯಕ್ಕೆ ಅರಿಸಿನ ಮೆತ್ತಿಕೊಂಡನೇ ಹೊರತು ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಅವಳು ಫೋನಿನಲ್ಲಿ ರೋಗದ ಮಾತು ಓದಿ ಹೇಳಿದರೆ, "ನಿನ್ನ ಗೂಗಲ್ ಮಾವ ಏನಂತಾನ?" ಎಂದು ನಗುತ್ತಿದ್ದ.

ಅವಳು ಬಿಡುವ ಪೈಕಿಯಲ್ಲ. ಓದುತ್ತ ಹೋದ ಹಾಗೆ ಅದೇ ಕಾಯಿಲೆ ಇದ್ದ ಮನೆಗಳವರ ಗುಂಪೊಂದು ಫೋನಿನಲ್ಲೇ ಸಿಕ್ಕಿತ್ತು. ಉಸಿರಿನ ಸದ್ದನ್ನು ಫೋನಿನಲ್ಲಿ ಹೇಗೆ ಹಿಡಿಯಬೇಕೆಂದು ಯಲ್ಲಾಪುರದ ಮಹೇಶ್ವರಿ ಎಂಬವಳು ಅಲ್ಲಿ ಹೇಳಿಕೊಟ್ಟಿದ್ದಳು. ಡಾಕ್ಟರಮ್ಮನ ವಿಳಾಸ ಸಿಕ್ಕಿದ್ದೂ ಅಲ್ಲೇ.

ಮಡಿವಾಳಪ್ಪನಿಗೆ ಈಗ ಒಂದೊಂದಾಗಿ ಅರ್ಥವಾಗತೊಡಗಿತು. ಅವಳ ಕೆಂಪು ಕಣ್ಣು. ಒಲೆಯ ಮುಂದೆ ಕೂತಲ್ಲೇ ತೂಕಡಿಕೆ. ಹಂಚಿನ ಮೇಲೆ ಸೀದ ರೊಟ್ಟಿ. ಅದಕ್ಕೆ ತಾನು ಕೂಗಾಡಿದ್ದೂ ನೆನಪಾಗಿ ಅವನಿಗೆ ನಾಚಿಕೆಯಾಯಿತು.

"ನಾಳೆನ ಶಿರಸಿಗೆ ಹೋಗೂಣು."

"ನಾ ಒಲ್ಲೆ. ನನಗೇನಾಗೇದ? ಗಟ್ಟಿಮುಟ್ಟ ಅದೀನಿ. ಡಾಕ್ಟರ್ ಬಾಗಲಾ ತುಳದ್ರ ಇಲ್ಲದ ರೋಗ ಅಂಟತದ."

"ಯಾವ ಮೂರ್ಖ ಹೇಳಿದ ಅದನ್ನ?"

"ನೀವ."

"ಹೇಳಿದ್ದೆ, ತಪ್ಪಾತು. ಈಗ ಸುಮ್ಮನ ಬಾ."

"ಹಿಂದಿನವರು ಯಾವ ಪರೀಕ್ಷೆ ಮಾಡಿಸಿಕೊಂಡಿದ್ರು? ಅವರು ಬದುಕಲಿಲ್ಲೇನು?"

"ಹಿಂದಿನವರು ಯಾಕ ಸತ್ರು ಅಂತ ಯಾರಿಗೆ ಗೊತ್ತದ?" ಮಡಿವಾಳಪ್ಪ ಕೂಗಿದ. "ನೀ ಹ್ವಾದ್ರ ನನ್ನ ಗತಿ ಏನು?"

ದಾಕ್ಷಾಯಿಣಿಯ ಕಣ್ಣಲ್ಲಿ ನೀರಾಡಿತು, ಹಟ ಮಾತ್ರ ಸಡಿಲಲಿಲ್ಲ.

"ಬರ್ತೀನಿ. ಆದ್ರ ಆಣಿ ಮಾಡ್ರಿ. ಮೂಗಿಗೆ ಮಷೀನು ಹಾಕ್ಕೊಂಡು ಮಲಗು ಅಂದ್ರೂ, ಡಾಕ್ಟರ್ ಮಾತಿಗೆ ನಮ್ಮನ್ಯಾಗ ಯಾರೂ ಎದುರಾಡಬಾರದು."

ಅವನು ಕೊರಳ ಲಿಂಗ ಮುಟ್ಟಿಕೊಂಡ. "ಲಿಂಗದಾಣಿ. ಎದುರಾಡಿದವರನ್ನ ನಾನ ಎತ್ತಿಕೊಂಡು ಹೋಗಿ ಮಲಗಸ್ತೀನಿ."

ಮರುದಿನ ಅವನು ಪಿಕಪ್ಪಿನ ಕೀಲಿ ಕೈಗೆತ್ತಿಕೊಂಡರೆ ಅವಳು ಅದನ್ನು ಕಿತ್ತುಕೊಂಡು ಗೂಟಕ್ಕೆ ಸಿಕ್ಕಿಸಿದಳು. ಬಸ್ಸಿನಲ್ಲೇ ಹೋಗೋಣ ಎಂದಳು. ರೋಗಿಯ ಮಾತು ಮೀರಬಾರದೆಂದು ಅವನು ಒಪ್ಪಿಕೊಂಡ.

ಆಸ್ಪತ್ರೆಯ ಕೌಂಟರಿನಲ್ಲಿದ್ದ ಹುಡುಗಿ ಫೋನಿನ ಮೆಸೇಜು ನೋಡಿ ನಕ್ಕಳು. "ಇಂಟರ್ನೆಟ್ ನೋಡ್ಕಂಡು ಬಂದ್ರಾ? ಈಗ ಎಲ್ಲರೂ ಅರ್ಧ ಡಾಕ್ಟರೇ."

ಮಡಿವಾಳಪ್ಪನಿಗೆ ಎಲ್ಲಿತ್ತೋ ಸಿಟ್ಟು. "ನಗಬ್ಯಾಡ್ರಿ! ನಮ್ಮಾಕಿ ಓದಿ, ಕೇಳಿ, ತಿಳಕೊಂಡು ಬಂದಾಳ. ಆಕಿ ನೋಡಿದ್ದಕ್ಕ ಇವತ್ತೊಂದು ಜೀವ ಉಳೀತದ. ಸುಮ್ಮನ ದಾಖಲ ಮಾಡಿಕೊಳ್ರಿ."

ಹುಡುಗಿ ನಗು ನುಂಗಿಕೊಂಡು ಕೀಬೋರ್ಡ್ ಎಳೆದುಕೊಂಡಳು. "ಆತು. ಪೇಶೆಂಟ್ ಹೆಸರು ಎಂತ?"

ಅವನು ಬಾಯಿ ತೆರೆಯುವಷ್ಟರಲ್ಲಿ ದಾಕ್ಷಾಯಿಣಿ ಮುಂದೆ ಬಂದಳು. ಮದುವೆಯಾದಾಗಿನಿಂದ ಹೆಸರು ಹೇಳುವ ಒಡಪಿನ ಪದ್ಯದಲ್ಲಲ್ಲದೆ ಗಂಡನ ಹೆಸರನ್ನು ಅವಳು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ.

"ಮಡಿವಾಳಪ್ಪ ಅಂತ ಬರಕೊಳ್ರಿ," ಎಂದಳು. "ರಾತ್ರಿ ಉಸಿರು ನಿಲ್ಲೂದು ಇವರದು. ಎದ್ದು ಕೂತು ಕಾಯೂದಷ್ಟ ನಂದು."